ಹೂವಿಗಿಂತ ಮೊದಲು ಕಾಯಿಸಿದ ನೀರು

ಮೇ ತಿಂಗಳ ಎರಡನೆಯ ಭಾನುವಾರ ಬಂತೆಂದರೆ ತಾಯಂದಿರ ದಿನದ ಶುಭಾಶಯ ಪತ್ರಗಳೂ ಹೂಗುಚ್ಛಗಳೂ ಅಂಗಡಿಗಳಲ್ಲಿ ಸಾಲುಗಟ್ಟುತ್ತವೆ. ಈ ದಿನ ಹುಟ್ಟಿದ್ದು ಹೇಗೆಂದು ನೀವು ಯೋಚಿಸಿದ್ದೀರಾ? ಅದರ ಬೇರು ಇರುವುದು ಶಿಶುಮರಣದ ದುಃಖದಲ್ಲಿ.

ಆನ್ ರೀವ್ಸ್ ಜಾರ್ವಿಸ್ ಅಮೆರಿಕದ ಗುಡ್ಡಗಾಡಿನ, ಈಗ ಪಶ್ಚಿಮ ವರ್ಜೀನಿಯ ಎನಿಸಿಕೊಂಡಿರುವ ಸೀಮೆಯ ಗೃಹಿಣಿ. ಮೆಥಡಿಸ್ಟ್ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದವರು. ಆಕೆ ಹೆತ್ತ ಮಕ್ಕಳು ಹತ್ತಕ್ಕೂ ಹೆಚ್ಚು. ಬೆಳೆದು ದೊಡ್ಡವರಾದವರು ನಾಲ್ವರೇ. ದಡಾರ, ಟೈಫಾಯಿಡ್, ಗಂಟಲಮಾರಿಗಳು ಮನೆಮನೆಯ ತೊಟ್ಟಿಲನ್ನು ಬರಿದು ಮಾಡುತ್ತಿದ್ದ ಕಾಲವದು.

1858ರಲ್ಲಿ ಆಕೆ ಸುತ್ತಲ ಊರುಗಳ ಹೆಂಗಸರನ್ನು ಸೇರಿಸಿ ತಾಯಂದಿರ ಕಾರ್ಯಸಂಘಗಳನ್ನು ಕಟ್ಟಿದರು. ಸದಸ್ಯೆಯರು ಹಣ ಕೂಡಿಸಿ ಬಡವರಿಗೆ ಔಷಧ ಕೊಂಡರು. ಕ್ಷಯ ತಗುಲಿದ ತಾಯಂದಿರ ಮನೆಗೆಲಸಕ್ಕೆ ಆಳು ಗೊತ್ತುಮಾಡಿದರು. ಮಕ್ಕಳು ಕುಡಿಯುವ ಹಾಲನ್ನು ಪರೀಕ್ಷಿಸಿದರು, ನೀರನ್ನು ಕಾಯಿಸಿ ಕುಡಿಯಲು ಕಲಿಸಿದರು. ಇಲ್ಲಿ ಒಂದು ಅಂಶವನ್ನು ಗಮನಿಸಿ: ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿಕೊಟ್ಟದ್ದು 1882ರಲ್ಲಿ. ಪ್ರಯೋಗಶಾಲೆ ಕಾರಣವನ್ನು ಹೇಳುವ ಮೊದಲೇ ಈ ಹೆಂಗಸರು ಸರಿಯಾದ ಕೆಲಸಕ್ಕೆ ಕೈಹಾಕಿದ್ದರು.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಆ ಸೀಮೆಯ ಜನ ಎರಡು ಪಕ್ಷವಾದರು. ಸಂಘಗಳು ಮಾತ್ರ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಎರಡೂ ಸೇನೆಗಳ ರೋಗಿಗಳಿಗೂ ಗಾಯಾಳುಗಳಿಗೂ ಶುಶ್ರೂಷೆ ಮಾಡಿದವು. ಯುದ್ಧ ಮುಗಿದ ಮೇಲೆ ಆನ್ ಎರಡೂ ಕಡೆಯ ಯೋಧರನ್ನು ಅವರ ಕುಟುಂಬಗಳೊಡನೆ ಒಂದೆಡೆ ಸೇರಿಸಿ 'ಸ್ನೇಹದಿನ' ನಡೆಸಿದರು. ಒಬ್ಬ ತಾಯಿಗೆ ಮಗ ಎಷ್ಟು ಮುಖ್ಯವೋ, ಎದುರಾಳಿಯ ತಾಯಿಗೂ ಅಷ್ಟೇ ಎಂಬ ಸರಳ ಅರಿವು ಇದರ ಹಿಂದಿತ್ತು.

ಆನ್ 1905ರಲ್ಲಿ ತೀರಿಕೊಂಡರು. ಮಗಳು ಆನಾ ಅವರ ಪ್ರಯತ್ನದಿಂದ 1908ರ ಮೇ 10ರಂದು ಗ್ರಾಫ್ಟನ್ ಪಟ್ಟಣದ ಮೆಥಡಿಸ್ಟ್ ಚರ್ಚಿನಲ್ಲಿ ತಾಯಿಯ ನೆನಪಿನ ಸಭೆ ನಡೆಯಿತು. ಆನಾ ಅಲ್ಲಿಗೆ 500 ಬಿಳಿ ಕಾರ್ನೇಷನ್ ಹೂಗಳನ್ನು ಕಳುಹಿಸಿದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಈ ದಿನಕ್ಕೆ ಅಧಿಕೃತ ಮಾನ್ಯತೆ ಕೊಟ್ಟರು. ಆಮೇಲೆ ಹೂವಿನ ವ್ಯಾಪಾರಿಗಳೂ ಕಾರ್ಡಿನ ವ್ಯಾಪಾರಿಗಳೂ ದಿನವನ್ನು ತಮ್ಮದಾಗಿಸಿಕೊಂಡರು. 1948ರಲ್ಲಿ ತೀರಿಕೊಂಡ ಆನಾ, ಬಾಳಿನ ಕೊನೆಯ ದಶಕಗಳನ್ನು ಇದರ ವಿರುದ್ಧ ಹೋರಾಡುವುದರಲ್ಲೇ ಕಳೆದರು.

ಆ ತಾಯಿ ಹಿಡಿದ ಕೆಲಸವೇನೋ ಇನ್ನೂ ಮುಗಿದಿಲ್ಲ. 1990ರಲ್ಲಿ ಐದು ವರ್ಷ ತುಂಬುವ ಮುನ್ನ ಸತ್ತ ಮಕ್ಕಳು ಪ್ರಪಂಚದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು. 2022ರ ವೇಳೆಗೆ ಈ ಸಂಖ್ಯೆ 50 ಲಕ್ಷಕ್ಕಿಂತ ತುಸು ಕೆಳಗಿಳಿಯಿತು. ಇಳಿಕೆ ದೊಡ್ಡದೇ, ಉಳಿದಿರುವುದೂ ಚಿಕ್ಕದಲ್ಲ. ಅವಧಿಗೆ ಮುನ್ನ ಹುಟ್ಟುವಿಕೆ, ನ್ಯುಮೋನಿಯ, ಭೇದಿ, ಮಲೇರಿಯಗಳು ಇಂದಿಗೂ ಮುಖ್ಯ ಕಾರಣಗಳು.

ಭೇದಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ಮುಖ್ಯವಾಗಿ ದೇಹದ ನೀರು, ಲವಣಗಳ ನಷ್ಟ. ಗ್ಲೂಕೋಸ್ ಜೊತೆಗಿದ್ದಾಗ ಕರುಳಿನ ಗೋಡೆ ಉಪ್ಪನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಪ್ಪಿನ ಹಿಂದೆ ನೀರೂ ಒಳಸೇರುತ್ತದೆ. ಓ.ಆರ್.ಎಸ್. ಪೊಟ್ಟಣದ ಗುಟ್ಟು ಇಷ್ಟೇ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನೊಬಿಸ್ ಈ ದ್ರಾವಣದಿಂದ ಬಹಳ ಜನರನ್ನು ಉಳಿಸಿದರು. ರೋಗಿಗಳ ಬಂಧುಗಳೇ ಅದನ್ನು ಕುಡಿಸಿದರು. ಮನೆಯವರ ಕೈಗೆ ತಿಳಿವಳಿಕೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡದಲ್ಲಿ ನಾವು ಈ ದಿನವನ್ನು 'ತಾಯಿಯ ದಿನ' ಎನ್ನದೆ 'ತಾಯಂದಿರ ದಿನ' ಎನ್ನುತ್ತೇವೆ. ಆನ್ ಕಟ್ಟಿದ ಸಂಘಗಳಿಗೆ ಈ ಬಹುವಚನವೇ ಒಪ್ಪುವಂಥದು. ಈ ಸಲ ನಿಮ್ಮ ತಾಯಿಗೆ ಹೂ ಕೊಡಿ, ತಪ್ಪೇನಿಲ್ಲ. ಜೊತೆಗೆ, ನಿಮ್ಮ ಬೀದಿಯ ಎಳೆಗೂಸುಗಳಿಗೆಲ್ಲ ಲಸಿಕೆ ಆಗಿದೆಯೇ, ಕುಡಿಯುವ ನೀರು ಶುದ್ಧವಾಗಿದೆಯೇ ಎಂದೂ ವಿಚಾರಿಸಿ.