ಒಂದು ಮೀನಿನ ಒಡಲಲ್ಲಿ ಇನ್ನೊಂದರ ಸಂತಾನ

ಮೈಸೂರಿನ ಹಳೆಯ ವರ್ತಕರಿಗೆ ವ್ಯಾನ್ ಇಂಗೆನ್ ಸಂಸ್ಥೆಯ ಹೆಸರು ಪರಿಚಿತ. ಬೇಟೆಯ ಪ್ರಾಣಿಗಳನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಆ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಗಾಳಹಾಕಿ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ. ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅಣೆಕಟ್ಟು, ಸಿಡಿಮದ್ದಿನ ಮೀನುಗಾರಿಕೆಗಳ ಜೊತೆಗೆ ಮತ್ತೊಂದು ಕಾರಣವೂ ಉಂಟು. ಲೋನಾವಳದ ಟಾಟಾ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಅದು ಬೇರೆಯೇ ಜಾತಿ. ಒಂದೇ ಹೆಸರಿನ ಚೀಟಿ ಅಂಟಿಸಿ ಬೇರೆ ಸರಕನ್ನು ತುಂಬಿದಂತಾಯಿತು.

ಮೀನುಮರಿ ಉದ್ಯಮದಲ್ಲಿ ತಾಯಿಮೀನೇ ಮೂಲ ಬಂಡವಾಳ. ಪ್ರಾಯಕ್ಕೆ ಬರಲು ವರ್ಷಗಳನ್ನು ತೆಗೆದುಕೊಳ್ಳುವ ದೊಡ್ಡ ಮೀನಿಗೆ ಅಲ್ಲಿಯವರೆಗೂ ಕೊಳ, ಆಹಾರ, ಕೂಲಿಯ ವೆಚ್ಚ ತಪ್ಪದು. ಒಂಟಿಕೊಪ್ಪಲಿನ ದಿನಸಿ ವ್ಯಾಪಾರಿಯ ಲೆಕ್ಕದಲ್ಲಿ ಇದು ಗೋದಾಮಿನಲ್ಲಿ ಕೂತು ಬಡ್ಡಿ ತಿನ್ನುವ ದಾಸ್ತಾನು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಕಾರ್ಪ್ ಮೀನುಗಳಿಂದ ಮೊಟ್ಟೆಯಿಡಿಸಿದ ಸಾಧನೆ ಮರಿಯ ಕೊರತೆಯನ್ನು ನೀಗಿಸಿತೇ ಹೊರತು, ತಾಯಿಮೀನನ್ನು ಸಾಕುವ ಈ ವೆಚ್ಚವನ್ನು ತಪ್ಪಿಸಲಿಲ್ಲ.

ಈ ವೆಚ್ಚಕ್ಕೇ ಕೈಹಾಕುವ ವಿಧಾನವನ್ನು ಟೋಕಿಯೋದ ಗೊರೊ ಯೋಶಿಜಾಕಿ ತಂಡ ರೂಪಿಸಿದೆ. ಮೊಟ್ಟೆ ಅಥವಾ ವೀರ್ಯವಾಗಿ ಬೆಳೆಯಬಲ್ಲ ಮೂಲಕೋಶಗಳನ್ನು ಒಂದು ಜಾತಿಯ ಮೀನಿನಿಂದ ತೆಗೆದು, ಸಮೀಪದ ಜಾತಿಯ ಆಗತಾನೆ ಹೊರಬಂದ ಮರಿಯ ಹೊಟ್ಟೆಯೊಳಗೆ ಚುಚ್ಚಲಾಗುತ್ತದೆ. ಮರಿಯ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರದ ಕಾರಣ ಅವು ತಿರಸ್ಕೃತವಾಗುವುದಿಲ್ಲ. ತಾವಾಗಿಯೇ ಸರಿದು ಜನನಗ್ರಂಥಿಯ ಸ್ಥಾನವನ್ನು ಸೇರುತ್ತವೆ. 2007ರಲ್ಲಿ ಇದೇ ತಂಡ ರೇನ್‌ಬೋ ಟ್ರೌಟ್‌ನ ವೃಷಣಕೋಶಗಳನ್ನು ಮಾಸು ಸಾಲ್ಮನ್ ಮರಿಗಳಿಗೆ ಸೇರಿಸಿತು. ಆ ಸಾಲ್ಮನ್‌ಗಳನ್ನು ಮೊದಲೇ ಎರಡರ ಬದಲು ಮೂರು ಗಣ ವರ್ಣತಂತುಗಳಿರುವಂತೆ ಮಾಡಿ ಬಂಜೆಯಾಗಿಸಿದ್ದರಿಂದ ಹುಟ್ಟಿದ ಸಂತಾನವೆಲ್ಲ ಟ್ರೌಟ್ ಆಗಿತ್ತು. ವಿಸ್ಮಯವೆಂದರೆ, ಗಂಡು ಮೀನಿನ ಕೋಶಗಳೇ ಹೆಣ್ಣು ಸಾಲ್ಮನ್‌ನ ಒಡಲಲ್ಲಿ ಮೊಟ್ಟೆಗಳಾದವು. ದೈತ್ಯ ಟ್ಯೂನಾ ಮೀನಿನ ಮರಿಯನ್ನು ಪುಟ್ಟ ಬಂಗುಡೆ ಜಾತಿಯ ಮೀನಿನಿಂದ ಪಡೆಯಬೇಕೆಂಬುದು ಅವರ ಗುರಿ.

2013ರಲ್ಲಿ ಘನೀಕರಿಸಿದ ವೃಷಣದಿಂದಲೂ ಟ್ರೌಟ್ ಮರಿಗಳು ಹುಟ್ಟಿದವು. ಮೊಟ್ಟೆಯನ್ನು ಘನೀಕರಿಸಿಡುವುದು ಕಷ್ಟವಾದ್ದರಿಂದ, ತಳಿಯನ್ನು ಕಾಯ್ದಿಡಲು ಇದೊಂದು ಬ್ಯಾಂಕಿನಂತೆ. ಕಾವೇರಿಯ ಗೂನುಬೆನ್ನಿಗೆ ಅದೇ ನೀಲಿ ರೆಕ್ಕೆಯ ಮಹಶೀರ್ ಬಾಡಿಗೆ ತಾಯಿಯಾಗಬಲ್ಲುದೇ ಎಂಬುದು ಕೇಳತಕ್ಕ ಪ್ರಶ್ನೆ. ಸೂಕ್ಷ್ಮದರ್ಶಕದಡಿ ಒಂದೊಂದು ಮರಿಗೂ ಸೂಜಿ ಚುಚ್ಚುವ ಈ ಕೆಲಸ ಸಾಮಾನ್ಯ ಮರಿ ಕೇಂದ್ರದ ಕೈಗೆಟುಕುವಂಥದ್ದಲ್ಲ. ಅಲ್ಲದೆ, ಕೋಶ ನೀಡುವ ಗಂಡು ಮೀನುಗಳನ್ನು ಮೋಯಾರ್‌ನಂತಹ, ಗೂನುಬೆನ್ನಿನ ಮಹಶೀರ್ ಇನ್ನೂ ಉಳಿದಿರುವ ಹೊಳೆಗಳಿಂದಲೇ ತರಬೇಕು.