ಯೂನಿಯನ್ ವರ್ಗಣಿ ಕೊಟ್ಟು ಉಳಿದದ್ದೇನು?



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಎಷ್ಟೋ ಮನೆಗಳಲ್ಲಿ ಗಿರಣಿಯಲ್ಲಿ ದುಡಿದ ಅಜ್ಜ, ಬೀಡಿ ಸುತ್ತಿದ ಅವ್ವ ಇದ್ದಾರೆ. ‘ಯೂನಿಯನ್ನಿಗೆ ವರ್ಗಣಿ ಕೊಟ್ಟು ನಿಮಗೆ ಏನು ಸಿಕ್ಕಿತು?’ ಎಂದು ಮಕ್ಕಳು ಕೇಳುತ್ತಾರೆ. ಹೋರಾಡಿ ಹೆಚ್ಚಿಸಿಕೊಂಡ ಪಗಾರ ಅಂದಂದಿನ ಖರ್ಚಿಗೆ ಹೋಯಿತು. ಉಳಿದದ್ದು ಒಂದೇ: ದುಡಿದವರ ಹೆಸರು ದಾಖಲೆಯಲ್ಲಿ ಸೇರಿದ್ದು. ಮುಪ್ಪಿನಲ್ಲಿ ಕೈ ಹಿಡಿಯುವುದು ಅದೇ.

ಮನೆಯಲ್ಲಿ ಕುಳಿತು ಬೀಡಿ ಸುತ್ತುವ ಹೆಣ್ಣುಮಕ್ಕಳನ್ನೇ ನೋಡಿರಿ. 1966ರ ಬೀಡಿ ಕಾರ್ಮಿಕರ ಕಾಯ್ದೆ ಅವರನ್ನೂ ಕಾರ್ಮಿಕರೆಂದು ಒಪ್ಪಿತು. ಆದರೆ ಪ್ರಾವಿಡೆಂಟ್ ಫಂಡಿನ ಮಾತು ಬಂದಾಗ ‘ಮನೆಯಲ್ಲಿ ಸುತ್ತುವವರು ನಮ್ಮ ನೌಕರರಲ್ಲ’ ಎಂದು ಮಾಲೀಕರು ಕೋರ್ಟಿಗೆ ಹೋದರು. ಅವರೂ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನು ಯೂನಿಯನ್ ಸದಸ್ಯರಿಗಷ್ಟೇ ಅಲ್ಲ, ಎಲ್ಲರಿಗೂ ಒಂದೇ. ಆದರೆ ಒಬ್ಬಳೇ ಹೋಗಿ ‘ನನ್ನ ಹೆಸರು ಬರೆಯಿರಿ’ ಎಂದರೆ ಯಾರು ಕೇಳುತ್ತಾರೆ? ನೂರು ಜನ ಒಟ್ಟಿಗೆ ಹೋದಾಗ ಪುಸ್ತಕ ತೆರೆಯುತ್ತದೆ.

ಹೆಸರು ಸೇರಿದರೆ ಸಿಗುವುದು ಇಷ್ಟು:

ಪೆನ್ಶನ್: ಮಾಲೀಕರ ಪಾಲಿನಿಂದ ಪಗಾರದ ಶೇ. 8.33ರಷ್ಟು ಪೆನ್ಶನ್ ಖಾತೆಗೆ ಹೋಗುತ್ತದೆ. 10 ವರ್ಷ ಸೇವೆಯಾದವರಿಗೆ 58ನೇ ವಯಸ್ಸಿನಿಂದ ಪೆನ್ಶನ್, ಅವರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಕುಟುಂಬ ಪೆನ್ಶನ್. 2014ರಿಂದ ಕನಿಷ್ಠ ಪೆನ್ಶನ್ ತಿಂಗಳಿಗೆ 1,000 ರೂಪಾಯಿ. ಸಾಲುವುದಿಲ್ಲ, ನಿಜ, ಆದರೆ ಔಷಧಕ್ಕೆ ಮಗನ ಮುಂದೆ ಕೈ ಒಡ್ಡಬೇಕಿಲ್ಲ.

ಗ್ರಾಚ್ಯುಟಿ: ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ದಿನಕ್ಕೆ 300 ರೂಪಾಯಿಯಂತೆ 20 ವರ್ಷ ದುಡಿದವರಿಗೆ 90,000 ರೂಪಾಯಿ.

ಮನೆ: ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವಾಗ ಸಿಗುವ ಕುಂಭಾರಿಯನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿಯ ಗೋದೂತಾಯಿ ಪರುಳೇಕರ ವಸಾಹತಿನಲ್ಲಿ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗೆ ಸುಮಾರು 10 ಸಾವಿರ ಮನೆಗಳಾದವು. ನರಸಯ್ಯ ಆಡಂ ಮಾಸ್ತರರ ಮುಂದಾಳತ್ವದಲ್ಲಿ ಸಿಐಟಿಯು ಯೂನಿಯನ್ ವರ್ಷಾನುಗಟ್ಟಲೆ ಬೆನ್ನು ಹತ್ತಿ ಮಾಡಿಸಿದ ಕೆಲಸ ಅದು. ಅಲ್ಲೇ ರೇನಗರದಲ್ಲಿ 30 ಸಾವಿರ ಮನೆಗಳ ಯೋಜನೆಯ ಮೊದಲ 15 ಸಾವಿರ ಮನೆಗಳು 2024ರ ಜನವರಿ 19ರಂದು ಲೋಕಾರ್ಪಣೆಯಾದವು.

ಇನ್ನು ನಮ್ಮ ಗಡಿಭಾಗದ ಒಂದು ತೊಡಕು. ಮನೆಯಲ್ಲಿ ‘ಸಿದ್ದಪ್ಪ’, ಮರಾಠಿ ಹಾಜರಿ ಪುಸ್ತಕದಲ್ಲಿ ‘ಸಿದ್ರಾಮ’, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಅಡ್ಡಹೆಸರು. ಹೆಣ್ಣುಮಕ್ಕಳಿಗೆ ತವರಿನ ಹೆಸರು ಒಂದೆಡೆ, ಗಂಡನ ಮನೆಯ ಹೆಸರು ಇನ್ನೊಂದೆಡೆ. ಇಷ್ಟಕ್ಕೇ ಪೆನ್ಶನ್ ಅರ್ಜಿ ತಿರುಗಿ ಬರುತ್ತದೆ. ಜೀವನವಿಡೀ ಗುಮಾಸ್ತಿಕೆ ಮಾಡಿದವರಾಗಿ ನಾವು ಹೇಳುವುದು ಇಷ್ಟೇ: ಕೆಲಸದಲ್ಲಿ ಇರುವಾಗಲೇ ಹೆಸರು, ಜನ್ಮ ದಿನಾಂಕ ಸರಿ ಮಾಡಿಸಿರಿ. ಹಳೆಯ ಖಾತೆಗಳ ತಿದ್ದುಪಡಿಗೆ ಮಾಲೀಕರ ಸಹಿ ಬೇಕಾಗಬಹುದು. ಕಾರಖಾನೆ ಮುಚ್ಚಿದ ಮೇಲೆ ಸಹಿ ಹಾಕುವವರನ್ನು ಎಲ್ಲಿ ಹುಡುಕುವುದು?

ಅವ್ವನ ಟ್ರಂಕಿನಲ್ಲಿರುವ ಹಳೆಯ ಗುರುತಿನ ಚೀಟಿ, ಪಿಎಫ್ ಚೀಟಿ, ವರ್ಗಣಿ ಪಾವತಿ ಯಾವುದನ್ನೂ ರದ್ದಿಗೆ ಹಾಕಬೇಡಿರಿ. ಸಂಘದ ಕಚೇರಿಗೆ ತಂದರೆ ಮರಾಠಿ ಕಾಗದಗಳನ್ನು ಓದಿ ಹೇಳುತ್ತೇವೆ, ಅರ್ಜಿ ತುಂಬಲು ನೆರವಾಗುತ್ತೇವೆ.

ಇಂತಿ ತಮ್ಮ,
ಕಾರ್ಯದರ್ಶಿ