ನಿಮಗಿದು ಗೊತ್ತೆ? ನೀರು ಹೀರುವ ಆಕ್ಸಲ್!

ಕಚ್ಚಾ ದಾರಿಯಲ್ಲಿ ಓಡಿ ಬಿಸಿಯೇರಿದ ಫೋರ್ ವೀಲ್ ಡ್ರೈವ್ ಜೀಪು ತಣ್ಣೀರಿಗಿಳಿದಾಗ, ಅದರ ಆಕ್ಸಲ್ಲಿನೊಳಗಿನ ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ನೆರವಾಗುವ ಗೇರುಗಳ ಪೆಟ್ಟಿಗೆ, ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಒಳಗಿನ ಗಾಳಿ ತಣಿದು ಕುಗ್ಗುವುದೇ ಇದಕ್ಕೆ ಕಾರಣ. ಗಾಳಿಯಾಡಲು ಇರಿಸಿದ ಬ್ರೀದರ್ ಎಂಬ ಸಣ್ಣ ಕಿಂಡಿ ಕೆಸರಿನಿಂದ ಕಟ್ಟಿಕೊಂಡಿದ್ದರೆ, ನೀರು ಆಯಿಲ್ ಸೀಲುಗಳ ಅಂಚಿನಿಂದ ನುಸುಳುತ್ತದೆ. ನೀರು ಬೆರೆತ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ, ಬೇರಿಂಗುಗಳನ್ನು ಕಾಪಾಡುವ ಗುಣವನ್ನು ಕಳೆದುಕೊಳ್ಳುತ್ತದೆ. ಮುಂಬಯಿ ಬಳಿಯ ಥಾಣೆ ಕ್ರೀಕ್ ಎಂಬ ಕಡಲ ಹಿನ್ನೀರಿಗೆ ಹತ್ತಿರವಿರುವ ಕೋಪರಿಯಂಥ ಕಡೆ ಕೆಸರಿನಲ್ಲಿ ಉಪ್ಪು ಸೇರಿದ್ದರೆ, ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಆದುದರಿಂದ ನೀರು ದಾಟಿ ಬಂದ ವಾಹನದ ತಳವನ್ನು ಸಿಹಿನೀರಿನಿಂದ ತೊಳೆಸಿ, ಗೇರ್ ಆಯಿಲಿನ ಬಣ್ಣವನ್ನು ಪರೀಕ್ಷಿಸುವುದು ಅಗತ್ಯ.